ಸ್ಕ್ರೀನ್ ಮುಂದೆ ಕೂತಿರೋರು ಎಷ್ಟು ಜನ?

ಎಲ್ರಿಗೂ ನಮಸ್ಕಾರ. ಇಲ್ಲಿ ಸಾಫ್ಟ್‌ವೇರ್ ಡಿಸೈನ್ ಮಾಡೋರು ತುಂಬ ಜನ ಇದೀರ, ಆಫೀಸಲ್ಲಿ ಕೂತು ಅದನ್ನ ದಿನಾ ಬಳಸೋರೂ ಇದೀರ, ಜನರ ಸಂಸ್ಕೃತಿ ಸಾಫ್ಟ್‌ವೇರ್ ಡಿಸೈನಲ್ಲಿ ಹೇಗೆ ಬರುತ್ತೆ ಅನ್ನೋದನ್ನ ಇಬ್ರಿಗೂ ಆಗೋ ಹಾಗೆ ಮಾತಾಡ್ತೀನಿ.

ಸಂಸ್ಕೃತಿ, ಡಿಸೈನ್ ಅಂದ ಕೂಡ್ಲೆ ಮಾತು ಬಣ್ಣ, ಚಿಹ್ನೆಗಳಿಗೆ ಹೋಗುತ್ತೆ. ಅದೂ ನಿಜಾನೇ. ಟೋಕಿಯೋ, ಶಾಂಘೈ ಷೇರು ಬೋರ್ಡಲ್ಲಿ ಕೆಂಪು ಅಂದ್ರೆ ರೇಟು ಏರಿದೆ ಅಂತ, ನಮ್ಮಲ್ಲಿ ಇಳಿದಿದೆ ಅಂತ. ಜಪಾನಲ್ಲಿ ಸೊನ್ನೆ ಸುತ್ತಿದ್ರೆ ಸರಿ, ಇಂಟು ಹಾಕಿದ್ರೆ ತಪ್ಪು, ಹಾಗಾಗಿ ವಿಡಿಯೋ ಗೇಮ್ ಆಡೋ ಪ್ಲೇಸ್ಟೇಷನ್‌ನಲ್ಲಿ ಅಲ್ಲಿ ಎಷ್ಟೋ ವರ್ಷ ಸೊನ್ನೆ ಬಟನ್ ಒತ್ತಿದ್ರೆ ಓಕೆ, ಅಮೆರಿಕದಲ್ಲಿ ಇಂಟು ಒತ್ತಿದ್ರೆ ಓಕೆ. 2020ರಲ್ಲಿ ಪಿಎಸ್ 5 ಬಂದಾಗ ಜಪಾನಲ್ಲೂ ಇಂಟು ಮಾಡಿಬಿಟ್ರು. ನಾವು 1,00,000 ಅಂತ ಕಾಮಾ ಹಾಕೋದೂ ಇದೇ ಜಾತಿಗೆ ಸೇರಿದ್ದು. ಇವೆಲ್ಲ ಸೆಟ್ಟಿಂಗ್ಸಲ್ಲಿ ಸರಿಹೋಗೋ ವಿಷ್ಯ.

ಕೆಲಸದ ಜಾಗಕ್ಕೆ ಬಂದ್ರೆ ಕಷ್ಟ ಬೇರೆ ಇದೆ. ಯಾರು ಯಾರನ್ನ ಕೇಳಿ ಮುಂದುವರೀಬೇಕು, ಯಾರ ಎದುರು 'ಆಗಲ್ಲ' ಅನ್ನೋಕೆ ಬಾಯಿ ಬರಲ್ಲ, ಯಾರ ಫೈಲು ಮೊದ್ಲು ಮೇಲೆ ಬರುತ್ತೆ. ಡಿಸೈನ್ ಮಾಡಿದೋರು ಗಮನಿಸಲಿ ಬಿಡಲಿ, ಇದೆಲ್ಲ ಸಾಫ್ಟ್‌ವೇರ್ ಒಳಗೆ ಬಂದೇ ಬರುತ್ತೆ.

ಜಪಾನಿನ ಹಾಂಕೋ ನೋಡಿ, ಅಂದ್ರೆ ಸಹಿ ಬದ್ಲು ಒತ್ತೋ ಹೆಸರಿನ ಮುದ್ರೆ. ಅಲ್ಲಿ ತುಂಬ ಕಂಪನಿಗಳಲ್ಲಿ ಒಂದು ಪ್ರಸ್ತಾವ ಬರೆಯೋದು ಕೆಳಗಿನ ಹಂತದೋರು, ಆ ಕಾಗದ ಮೇಜಿಂದ ಮೇಜಿಗೆ ಏರ್ತಾ ಹೋಗುತ್ತೆ, ಒಬ್ಬೊಬ್ರೂ ಮುದ್ರೆ ಒತ್ತುತಾರೆ, ಇದಕ್ಕೆ ರಿಂಗಿ ಅಂತಾರೆ. ಯಾರಿಗಾದ್ರೂ ತಕರಾರಿದ್ರೆ ಅದನ್ನ ಕಾಗದ ಹೊರಡೋಕೆ ಮುಂಚೇನೇ ಟೀ ಕುಡೀತಾ, ಪಕ್ಕಕ್ಕೆ ಕರ್ದು ಮಾತಾಡಿ ಮುಗಿಸಿರ್ತಾರೆ. ಈಗ ಇಂಥ ಆಫೀಸಿಗೆ ಅಪ್ರೂವ್ ಒಂದು, ರಿಜೆಕ್ಟ್ ಒಂದು ಬಟನ್ ಇರೋ ಆ್ಯಪ್ ತಂದು ಕೊಟ್ರೆ? ರಿಜೆಕ್ಟ್ ಒತ್ತೋದು ಅಂದ್ರೆ ಎಲ್ರೆದುರು ಒಬ್ರ ಮರ್ಯಾದೆ ತೆಗೆದ ಹಾಗೆ. ಪಕ್ಕಕ್ಕೆ ಕರ್ದು ಮಾತಾಡಿದ ಆ ಅಸಲಿ ಕೆಲಸಕ್ಕೆ ಆ್ಯಪಲ್ಲಿ ಜಾಗಾನೇ ಇರಲ್ಲ. ಇನ್ನೊಂದು ಸೂಕ್ಷ್ಮ ಇದೆ, ಕೆಲವು ಕಡೆ, ಮುಖ್ಯವಾಗಿ ಬ್ಯಾಂಕಿನಂಥ ಜಾಗದಲ್ಲಿ, ಕೆಳಗಿನೋರು ತಮ್ಮ ಮುದ್ರೇನ ಮೇಲಧಿಕಾರಿ ಮುದ್ರೆ ಕಡೆ ಸ್ವಲ್ಪ ವಾಲಿಸಿ ಒತ್ತುತಾರೆ, ತಲೆ ಬಾಗಿದ ಹಾಗೆ ಕಾಣ್ಲಿ ಅಂತ. ಕಂಪ್ಯೂಟರಲ್ಲಿ ಒತ್ತೋ ಮುದ್ರೆ ಬಂದಾಗ ಅದನ್ನ ವಾಲಿಸೋ ಸೌಲಭ್ಯಾನೂ ಬಂತು. ಅದೇ 2020ರಲ್ಲಿ ಕೋವಿಡ್ ಹೊತ್ತಲ್ಲಿ ಬರೀ ಮುದ್ರೆ ಒತ್ತೋಕೆ ಅಂತ ಜನ ರೈಲು ಹತ್ತಿ ಆಫೀಸಿಗೆ ಹೋಗ್ಬೇಕಾಯ್ತು, ಆಗ ಮಂತ್ರಿ ತಾರೋ ಕೊನೋ ಸರ್ಕಾರದ ಸುಮಾರು 15,000 ಕೆಲಸಗಳಿಗೆ ಬೇಕಾಗಿದ್ದ ಮುದ್ರೇನ ಬಹುತೇಕ ತೆಗೆದುಹಾಕೋಕೆ ಹೊರಟ್ರು. ಮುದ್ರೆ ಹಾಗೆ ಬಾಗೋದನ್ನ ಸಾಫ್ಟ್‌ವೇರಲ್ಲಿ ಉಳಿಸ್ಬೇಕಾ, ತೆಗೀಬೇಕಾ? ಇದಕ್ಕೆ ಉತ್ರ ಯಾವ ಗೈಡ್‌ಲೈನಲ್ಲೂ ಸಿಗಲ್ಲ, ಡಿಸೈನ್ ಮಾಡೋರು ತಾವೇ ಒಂದು ನಿಲುವು ತಗೋಬೇಕು.

ನಮ್ಮಲ್ಲೂ ಅಂಥ ನಿಲುವು ತಗೊಂಡಿರೋ ಉದಾಹರಣೆ ಇದೆ, ಭೂಮಿ, ಅಂದ್ರೆ ಜಮೀನಿನ ದಾಖಲೆ ಇಡೋ ನಮ್ಮ ರಾಜ್ಯ ಸರ್ಕಾರದ ಸಾಫ್ಟ್‌ವೇರ್. 2000ದ ಆಚೀಚೆ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಬಂತು, ಅಲ್ಲೀತನಕ ಅದೆಲ್ಲ ಗ್ರಾಮ ಲೆಕ್ಕಿಗರ ಕೈಲಿತ್ತು. ಆಗ ತಾಲೂಕು ಆಫೀಸಲ್ಲಿ 15 ರೂಪಾಯಿ ಕೊಟ್ರೆ ಪಹಣಿ ಪ್ರಿಂಟ್ ಸಿಗ್ತಿತ್ತು. ಆದ್ರೆ ನನಗೆ ತುಂಬ ಇಷ್ಟವಾಗಿದ್ದು ಕೌಂಟರಲ್ಲಿ ರೈತನ ಕಡೆ ಮುಖ ಮಾಡಿ ಇಟ್ಟ ಎರಡನೇ ಮಾನಿಟರ್. ಆಪರೇಟರ್ ಏನು ಟೈಪ್ ಮಾಡ್ತಿದ್ರೋ ಅದು ಈ ಕಡೆ ನಿಂತೋರಿಗೂ ಕಾಣ್ತಿತ್ತು. ಓದೋಕೆ ಬರದೇ ಇದ್ರೂ ಜೊತೇಲಿ ಬಂದೋರು ಓದಿ ಹೇಳ್ತಿದ್ರು. ಇನ್ನು ಖಾತೆ ಬದಲಾವಣೆ ಅರ್ಜಿ, ಮೊದ್ಲು ಬಂದಿದ್ದೇ ಮೊದ್ಲು, ಮಧ್ಯದಲ್ಲಿ ತೂರಿಸೋಕೆ ಸಾಫ್ಟ್‌ವೇರ್ ಬಿಡಲ್ಲ. ಲಾಗಿನ್ ಆಗೋಕೆ ಬೆರಳಚ್ಚು. ಸಾಹೇಬ್ರ ಪಾಸ್‌ವರ್ಡು ಗುಮಾಸ್ತರ ಹತ್ರ ಇರೋದು ನಮ್ಮ ಕಛೇರಿಗಳಲ್ಲಿ ಹೊಸದೇನಲ್ಲ ಅಂತ ನಿಮಗೂ ಗೊತ್ತು. 'ನಮ್ಮೋರಿದಾರೆ, ಸ್ವಲ್ಪ ನೋಡಿ' ಅನ್ನೋ ಅಭ್ಯಾಸಾನೂ ನಮ್ಮ ಸಂಸ್ಕೃತೀನೇ, ಅದಕ್ಕೆ ಭೂಮಿ ಬೇಕು ಅಂತ್ಲೇ ಅಡ್ಡ ನಿಂತ್ಕೊಳ್ತು. ಜೊತೆಗೆ ಇನ್ನೊಬ್ರನ್ನ ಕರ್ಕೊಂಡು ಬಂದು ಕೆಲಸ ಮಾಡಿಸ್ಕೊಳ್ಳೋ ಅಭ್ಯಾಸಕ್ಕೆ ಮಾತ್ರ ಜಾಗ ಕೊಡ್ತು. ನನ್ನ ಪ್ರಕಾರ ಎರಡೂ ಸರಿ.

ಇದೆಲ್ಲ ಗೊತ್ತಾಗ್ಬೇಕು ಅಂದ್ರೆ ಜನ ನಮ್ಮ ಹತ್ರ ನಿಜ ಹೇಳ್ಬೇಕಲ್ಲ, ಅದೇ ಕಷ್ಟ. ಟೆಸ್ಟಿಂಗಿಗೆ ಕೂರಿಸಿ 'ಹೆಂಗಿದೆ?' ಅಂತ ಕೇಳಿದ್ರೆ 'ಚೆನ್ನಾಗಿದೆ ಸಾರ್' ಅಂತಾರೆ, ಎರಡು ಸಲ ತಪ್ಪು ಒತ್ತಿದ್ರೂ 'ನನಗೇ ಬರ್ತಿಲ್ಲ, ಕಲೀತೀನಿ' ಅಂತಾರೆ. ಎದುರಿಗಿರೋರಿಗೆ ಬೇಜಾರಾಗ್ಬಾರ್ದು ಅನ್ನೋ ಒಳ್ಳೆ ಮನಸ್ಸು ಅದು. ಇದಕ್ಕೆ ಅಪಲಾ ಲಾಹಿರಿ ಚವಾಣ್ ಅನ್ನೋ ಡಿಸೈನ್ ತಜ್ಞೆ ಬಾಲಿವುಡ್ ಮೆಥಡ್ ಅಂತ ಒಂದು ದಾರಿ ಹುಡುಕಿದ್ರು. 'ವಿಮಾನದ ಟಿಕೆಟ್ ಬುಕ್ ಮಾಡಿ' ಅಂತ ಒಣಒಣವಾಗಿ ಹೇಳೋ ಬದ್ಲು ಒಂದು ಸಿನಿಮಾ ಕಥೆ: ನಿಮ್ಮ ಮನೆ ಹುಡುಗಿ ಮದುವೆ ಇನ್ನೇನು ಆಗ್ಬೇಕು, ಹುಡುಗ ಭೂಗತ ಲೋಕದೋನು, ಅವನಿಗೆ ಮೊದ್ಲೇ ಮದುವೆ ಆಗಿದೆ ಅಂತ ಗೊತ್ತಾಗುತ್ತೆ, ತಡೀಬೇಕು ಅಂದ್ರೆ ಟಿಕೆಟ್ ಈಗ್ಲೇ ಬೇಕು! ಕಥೆ ಒಳಗೆ ಇಳಿದ ಮೇಲೆ ಜನ ಸೈಟಲ್ಲಿ ಏನು ಸರಿಯಿಲ್ಲ ಅನ್ನೋದನ್ನ ಧಾರಾಳವಾಗಿ ಹೇಳೋಕೆ ಶುರು ಮಾಡಿದ್ರು. ಒಂದು ಮುಜುಗರಾನ ಅಡ್ಡಿ ಅಂತ ಬೈಯ್ಯದೇ ಪಕ್ಕದ ದಾರಿ ಮಾಡಿಕೊಟ್ಟಿದ್ದು ನನಗೆ ದೊಡ್ಡ ಕೆಲಸ ಅನ್ಸುತ್ತೆ.

ಕೊನೇದಾಗಿ ಓಟಿಪಿ. ಪಿಂಚಣಿಗೆ, ಜಾತಿ ಸರ್ಟಿಫಿಕೇಟಿಗೆ ಅರ್ಜಿ ತುಂಬೋದು ಸೇವಾ ಕೇಂದ್ರದ ಹುಡುಗ, ಅರ್ಜಿ ಅಜ್ಜೀದು, ಓಟಿಪಿ ಹೋಗೋ ಫೋನ್ ನಂಬರು ಬೆಂಗಳೂರಲ್ಲಿರೋ ಮಗಂದು. ಒಂದು ಫಾರ್ಮು, ಮೂರು ಜನ, ಎರಡು ಊರು. ಫಾರ್ಮ್ ಮಾಡಿದೋರು ಮಾತ್ರ ಒಬ್ಬ ಮನುಷ್ಯ, ಒಂದು ಫೋನು ಅಂತ ಲೆಕ್ಕ ಹಾಕಿರ್ತಾರೆ. ಮಗ ಮೀಟಿಂಗಲ್ಲಿದ್ರೆ ಟೈಮ್ ಔಟ್, ಅಜ್ಜಿ ಮತ್ತೆ ನಾಳೆ ಬರ್ಬೇಕು. ತುಂಬೋರ ಲಾಗಿನ್ ಬೇರೆ, ಒಪ್ಪಿಗೆ ಕೊಡೋರ ಜಾಗ ಬೇರೆ ಇರ್ಲಿ, ಸಮಯ ಅರ್ಧ ದಿನ ಸಿಗ್ಲಿ, ಕಳಿಸೋಕೆ ಮುಂಚೆ ತುಂಬಿರೋದನ್ನ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳೋ ಒಂದು ಬಟನ್ ಇರ್ಲಿ, ಮೆಸೇಜಲ್ಲಿ ಅಂಕಿ ಜೊತೆ ಯಾವ ಅರ್ಜಿ, ಫೀಸು ಎಷ್ಟು, ತುಂಬ್ತಿರೋದು ಯಾರು ಅಂತ ಎರಡು ಸಾಲು ಬರ್ಲಿ. ಇಂಥ ಫಾರ್ಮ್ ಮಾಡೋರು ಇಲ್ಲಿದ್ರೆ ದಯವಿಟ್ಟು ಕೈ ಎತ್ತಿ, ಇದರಲ್ಲಿ ಯಾವುದು ಆಗುತ್ತೆ, ಯಾವುದಕ್ಕೆ ಏನು ಅಡ್ಡ ಬರುತ್ತೆ ಅಂತ ಈಗ್ಲೇ ಮಾತಾಡೋಣ.