ಒಂದು ಬಿರುಕು ಇಡೀ ಪೊರೆಯನ್ನು ಕೆಡಿಸೋದು ಹೇಗೆ?

[ಪರದೆಯಲ್ಲಿ: ಬಿಳಿ ಅಲ್ಯೂಮಿನಾ ಕೊಳವೆಯ ಅಡ್ಡಸೀಳು]

ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್ ಅನಿಲಗಳನ್ನು ಬೇರ್ಪಡಿಸುವ ಪೊರೆ ಇದು, ಇದರ ಕಿಂಡಿಯ ಅಗಲ ಬರೀ 0.38 ನ್ಯಾನೋಮೀಟರ್. ಇಷ್ಟು ಸಣ್ಣ ಜರಡಿಯಲ್ಲಿ ಬೇರೆ ತೂತಿಲ್ಲ ಅಂತ ಕಂಡುಹಿಡಿಯೋದು ಹೇಗೆ? ವೀಕ್ಷಕರೊಬ್ಬರ ಪ್ರಶ್ನೆ.

ಮೂಲವಿಷಯ ಬೇಗ ಮುಗಿಸೋಣ. ಕಾರ್ಬನ್ ಡೈಆಕ್ಸೈಡ್ ಅಣು 0.33, ಮೀಥೇನ್ 0.38. ಪೊರೆಯ ಹರಳು ಸಾಪೋ-34, ಅಂದರೆ ಸೂಕ್ಷ್ಮ ಕಿಂಡಿಗಳ ಖನಿಜ ಜಿಯೋಲೈಟ್‌ನ ದಾಯಾದಿ; ಅದರ ಕಿಂಡಿಯೂ 0.38. ಮೊದಲನೆಯದು ಸರಾಗವಾಗಿ ದಾಟುತ್ತೆ, ಎರಡನೆಯದು ಮೈ ಉಜ್ಜಿಕೊಂಡು ನುಸುಳುತ್ತೆ. ಕೆಲವೇ ಮೈಕ್ರಾನ್ ದಪ್ಪದ ಪೊರೆ ತಾನಾಗಿ ನಿಲ್ಲಲ್ಲ, ಅದಕ್ಕೇ ಈ ರಂಧ್ರಯುಕ್ತ ಕೊಳವೆ.

ಕೊಳವೆಯ ಹೊರಮೈಗೆ ಟೆಫ್ಲಾನ್ ಟೇಪ್ ಸುತ್ತಿ, ಒಳಮೈಗೆ ಬೀಜದ ಹರಳುಗಳನ್ನು, ಅಂದರೆ ಪೊರೆ ಬೆಳೆಯಲು ಶುರುವಾಗುವ ಸಣ್ಣ ಸಾಪೋ-34 ಹರಳುಗಳನ್ನು ಉಜ್ಜಿ. ಬೀಜ ಎಲ್ಲಿ ತಪ್ಪಿತೋ ಅಲ್ಲಿ ಪೊರೆಯಲ್ಲಿ ಸಂದು. ಅತಿಯಾದರೆ ದಪ್ಪ ಪದರ ಸಿಪ್ಪೆಯಂತೆ ಏಳುತ್ತೆ. ಆಮೇಲೆ ಅಲ್ಯೂಮಿನಿಯಂ, ರಂಜಕ, ಸಿಲಿಕಾ ಮತ್ತು ಸಾವಯವ ಟೆಂಪ್ಲೇಟ್ (ಹರಳು ಬೆಳೆಯುವಾಗ ಕಿಂಡಿಗೆ ಅಚ್ಚಾಗುವ ಅಣು) ಬೆರೆತ ಜೆಲ್‌ನಲ್ಲಿ ಮುಳುಗಿಸಿ, ಆಟೊಕ್ಲೇವ್ ಎಂಬ ಬಿಗಿಮುಚ್ಚಳದ ಒತ್ತಡದ ಪಾತ್ರೆಯಲ್ಲಿ 220 ಡಿಗ್ರಿ ಸೆಲ್ಸಿಯಸ್, 6ರಿಂದ 24 ಗಂಟೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹೊರತೆಗೆದಾಗ ಪ್ರತಿ ಕಿಂಡಿಯಲ್ಲೂ ಟೆಂಪ್ಲೇಟ್ ಬಿರಡೆಯಂತೆ ಕೂತಿರುತ್ತೆ. ಅಂದರೆ ಈ ಜರಡಿ ಸದ್ಯಕ್ಕೆ ಜರಡಿಯೇ ಅಲ್ಲ, ಮುಚ್ಚಿದ ಗೋಡೆ! ತೊಳೆದು ಒಣಗಿಸಿ ಒಂದು ಕಡೆಯಿಂದ ನೈಟ್ರೋಜನ್ ಒತ್ತಿ. ಇನ್ನೊಂದು ಕಡೆ ಬಂತೋ, ಅದು ಬಂದದ್ದು ದೋಷದ ದಾರಿಯಲ್ಲೇ. ಆಗ ಟೆಂಪ್ಲೇಟ್ ಸುಟ್ಟು ತೆಗೆಯಬೇಡಿ, ಇನ್ನೊಂದು ಪದರ ಬೆಳೆಸಿ. ಹರಿವು ಕಡಿಮೆಯಾಗುತ್ತೆ, ಆದರೆ ಸೋರುವ ಪೊರೆಗಿಂತ ವಾಸಿ. ಸಣ್ಣ ಬಿರುಕಿನಲ್ಲಂತೂ ಆಟ ತಿರುಗಾಮುರುಗಾ: ಹಗುರವಾದ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1.66 ಪಟ್ಟು ಬೇಗ ಓಡುತ್ತೆ. ತಡೆಯಬೇಕಾದವನಿಗೇ ಅಡ್ಡದಾರಿ!

[ಪರದೆಯಲ್ಲಿ: ಕುಲುಮೆಯ ತಾಪಮಾನದ ಗೆರೆ]

ಬಿರಡೆ ತೆಗೆಯಲು 390 ಡಿಗ್ರಿಯಲ್ಲಿ 10 ಗಂಟೆ ಸುಡಬೇಕು. ಏರಿಕೆ ನಿಮಿಷಕ್ಕೆ 0.6 ಡಿಗ್ರಿ, ಅಂದರೆ ಅಲ್ಲಿಗೆ ಮುಟ್ಟಲಿಕ್ಕೇ ಸುಮಾರು 10 ಗಂಟೆ. ಅವಸರ ಮಾಡಿದರೆ? ಬಿಸಿಗೆ ಅಲ್ಯೂಮಿನಾ ಹಿಗ್ಗುತ್ತೆ, ಹರಳು ಕುಗ್ಗುತ್ತೆ, ನಡುವೆ ಪೊರೆ ಸೀಳುತ್ತೆ. ಇಳಿಸುವಾಗಲೂ ಅದೇ ತಾಳ್ಮೆ ಬೇಕು.

ಸಮಯ ಆಯ್ತು, ಉಳಿದದ್ದು ಒಟ್ಟಿಗೆ: ಜೆಲ್‌ನಲ್ಲಿ ತೇಲುವ ಹರಳು ಮೇಲೆ ಕೂರದಂತೆ ಕೊಳವೆ ನೆಟ್ಟಗೆ ನಿಲ್ಲಿಸಿ, ಆಟೊಕ್ಲೇವ್ ಅಂಚಿನವರೆಗೆ ತುಂಬಬೇಡಿ, ತಣ್ಣಗಾಗದೆ ತೆರೆಯಬೇಡಿ, ಸುಟ್ಟ ಪೊರೆಯನ್ನು ಒಣಗಾಳಿಯಲ್ಲೇ ಇಡಿ, ತೇವ ಹೀರಿದರೆ ಸಾಪೋ-34 ನಿಧಾನವಾಗಿ ಹಾಳಾಗುತ್ತೆ.