ಎಲುಬಿಗೆ ಜಾಗ ಬಿಡುವ ಸಿಮೆಂಟು

ಕೇಳುಗರಿಗೆ ನಮಸ್ಕಾರ.

ಉಡುಪಿಯ ಪಕ್ಕದ ನಮ್ಮೂರಿನಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ನನ್ನ ಎದೆ ಡವಗುಟ್ಟುತ್ತದೆ. ಹೋದ ವರ್ಷ ನೆರೆಮನೆಯ ಅಣ್ಣನೊಬ್ಬರು ಮರದಿಂದ ಜಾರಿ ನೆಟ್ಟಗೆ ಕಾಲಿನ ಮೇಲೆಯೇ ಬಿದ್ದರು. ಮೊಣಗಂಟಿನ ಕೆಳಗೆ, ಮೈಭಾರವನ್ನೆಲ್ಲ ಹೊರುವ ಎಲುಬಿನ ಚಪ್ಪಟೆ ತಲೆ ಒಳಕ್ಕೆ ಕುಸಿದಿತ್ತು. ಶಸ್ತ್ರವೈದ್ಯರು ಅದನ್ನು ಎತ್ತಿ ಸಮ ಮಾಡಿದರು. ಎತ್ತಿದ ಮೇಲೆ ಅಡಿಯಲ್ಲಿ ಪೊಳ್ಳು ಉಳಿಯುತ್ತದಲ್ಲ, ಅದಕ್ಕೆ ಅವರ ಸೊಂಟದ ಎಲುಬಿನಿಂದಲೇ ಚೂರು ತೆಗೆದು ತುಂಬಿದರು. ಕಾಲು ಗುಣವಾಯಿತು. ಆದರೆ "ಕಾಲಿಗಿಂತ ಸೊಂಟವೇ ಹೆಚ್ಚು ನೋಯುತ್ತದೆ ಮಾರಾಯರೇ" ಎಂದು ಅಣ್ಣ ತಿಂಗಳುಗಟ್ಟಲೆ ಹೇಳುತ್ತಿದ್ದರು. ಆ ಎರಡನೆಯ ಗಾಯವನ್ನು ತಪ್ಪಿಸಬಲ್ಲ ಸಿಮೆಂಟಿನ ಬಗ್ಗೆ ಇಂದು ನನ್ನ ಮಾತು.

ಕೃತಕ ಸೊಂಟದ ಕೀಲನ್ನು ಕೂರಿಸಲು 1950ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಅಕ್ರಿಲಿಕ್ ಸಿಮೆಂಟು ಬೇರೆ. ಅದು ಗಟ್ಟಿಯಾಗುವಾಗ ಸುಡುತ್ತದೆ, ಗಟ್ಟಿಯಾದ ಮೇಲೆ ಕರಗುವುದಿಲ್ಲ. ಕೀಲು ಅಲುಗದಂತೆ ಹಿಡಿಯಲು ಅದೇ ಬೇಕು. ಹೊಸ ಎಲುಬು ಬೆಳೆಯಬೇಕಾದ ಪೊಳ್ಳಿನಲ್ಲಿ ಮಾತ್ರ ಅದು ಜಾಗ ಬಿಡದ ಬಾಡಿಗೆದಾರ.

ಕರಗುವ ವಸ್ತುವಿನ ಹುಡುಕಾಟ ಹಳೆಯದು. 1892ರಲ್ಲೇ ಜರ್ಮನಿಯ ಡ್ರೀಸ್‌ಮನ್ ಎಲುಬಿನ ಪೊಳ್ಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದರು. ಅದು ಕೆಲವೇ ವಾರಗಳಲ್ಲಿ ಕರಗುತ್ತದೆ, ಎಲುಬು ಅಷ್ಟು ಬೇಗ ಬೆಳೆಯುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಬ್ರೌನ್ ಮತ್ತು ಚೌ ಎರಡು ಬಗೆಯ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗಳನ್ನು ನೀರಿನಲ್ಲಿ ಕಲಸಿದರು. ಆ ಕಲಸು ಮೈ ಬಿಸಿಯಲ್ಲೇ ಗಟ್ಟಿಯಾಗಿ ಹೈಡ್ರಾಕ್ಸಿಅಪಟೈಟ್ ಆಯಿತು. ನಮ್ಮ ಎಲುಬಿನಲ್ಲಿರುವ ಖನಿಜವೂ ಅದೇ ಕುಲದ್ದು! ಸಿರಿಂಜಿನಲ್ಲಿ ತುಂಬಿ ಪೊಳ್ಳಿನ ಮೂಲೆಮೂಲೆಗೂ ಇಳಿಸಬಹುದು. ಮೊಣಗಂಟಿನ ಇಂಥ ಮುರಿತಗಳಲ್ಲಿ ಇದನ್ನು ಬಳಸಿಯೂ ಇದ್ದಾರೆ. ತೊಡಕೆಂದರೆ, ಇದು ವರ್ಷಗಟ್ಟಲೆ ಹಾಗೆಯೇ ಕೂತಿರುತ್ತದೆ. ಬ್ರಶೈಟ್ ಎಂಬ ಅದರ ಸೋದರ, ಇನ್ನೊಂದು ಕ್ಯಾಲ್ಸಿಯಂ ಫಾಸ್ಫೇಟ್, ಇದಕ್ಕಿಂತ ಬೇಗ ಕರಗುತ್ತದೆ, ಆದರೆ ಅಷ್ಟು ಗಟ್ಟಿಯಲ್ಲ.

ಯಾಕೆ ಕೂತಿರುತ್ತದೆ? ನಮ್ಮ ಮುರಕಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬೆರಳು ತೂರುವಷ್ಟು ತೂತುಗಳು, ಒಂದರಿಂದ ಒಂದಕ್ಕೆ ದಾರಿ. ಮಳೆಗಾಲದಲ್ಲಿ ಅವುಗಳೊಳಗೆ ಪಾಚಿ ಹಬ್ಬುತ್ತದೆ. ಸಿಮೆಂಟಿನಲ್ಲೂ ರಂಧ್ರಗಳಿವೆ, ಆದರೆ ಹೆಚ್ಚಿನವು ಜೀವಕೋಶವೂ ನುಸುಳಲಾಗದಷ್ಟು ಸಣ್ಣವು. ಎಲುಬನ್ನು ಸವೆಸುವ ಕೋಶಗಳು ಹೊರಗಿನಿಂದಷ್ಟೇ ಕೆರೆಯಬೇಕು. ರಕ್ತನಾಳಗಳೂ ಎಲುಬು ಕಟ್ಟುವ ಕೋಶಗಳೂ ಒಳಹೋಗಲು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟಾದರೂ ಅಗಲದ ದಾರಿ ಬೇಕು. ಅದಕ್ಕಾಗಿ ಕಲಸುವಾಗಲೇ ಜೆಲಾಟಿನ್ ಮಣಿಗಳನ್ನು ಬೆರೆಸುತ್ತಾರೆ. ಮಣಿ ಕರಗಿದಲ್ಲಿ ತೂತು ಉಳಿಯುತ್ತದೆ. ತೂತು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ, ಹಾಗಾಗಿ ಭಾರ ಹೊರಲು ಲೋಹದ ತಟ್ಟೆ, ಸ್ಕ್ರೂಗಳ ಆಸರೆ ಬೇಕೇ ಬೇಕು.

ಮಲ್ಪೆಯಲ್ಲಿ ಸಿಗಡಿ ಸುಲಿದಾಗ ರಾಶಿಬೀಳುವ ಸಿಪ್ಪೆಯೂ ಇಲ್ಲಿ ಉಪಯೋಗಕ್ಕೆ ಬರುವಂಥದ್ದು ಎಂದು ಹೇಳಲು ನನಗೆ ತುಂಬ ಖುಷಿ. ಅಂಥ ಸಿಪ್ಪೆಯಿಂದ ತೆಗೆಯುವ ಕೈಟೊಸಾನ್ ಬೆರೆಸಿದರೆ, ಗಟ್ಟಿಯಾಗುವ ಮೊದಲೇ ಕಲಸು ರಕ್ತದಲ್ಲಿ ಕದಡಿ ಹೋಗುವುದು ಕಡಿಮೆಯಾಗುತ್ತದೆ, ಅದರ ಪೆಡಸುತನವೂ ತಗ್ಗುತ್ತದೆ.

ತುಂಬಿದ ಹೊಸದರಲ್ಲಿ ಎಕ್ಸ್‌ರೇಯಲ್ಲಿ ಇದು ಚೂಪಾದ ಅಂಚಿನ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಸರಿಯಾದ ವೇಗದಲ್ಲಿ ಕರಗುತ್ತಿದ್ದರೆ ತಿಂಗಳುಗಳು ಕಳೆದಂತೆ ಅಂಚು ಮಸುಕಾಗುತ್ತದೆ, ಮಚ್ಚೆಯೊಳಕ್ಕೆ ಎಲುಬಿನ ಸಣ್ಣ ಗೆರೆಗಳು ಒಂದೊಂದಾಗಿ ಇಳಿಯುತ್ತವೆ.