ಲೇಕಾಕ್: ಒಂದೇ ಒಡೆತನದಲ್ಲಿ ಉಳಿದುಬಂದ ಹಳ್ಳಿ

[ದೃಶ್ಯ: ಕಲ್ಲಿನ ಗೋಡೆಯಿಂದ ಹೊರಚಾಚಿದ ಕಿಟಕಿ. ಕ್ಯಾಮೆರಾ ನಿಧಾನವಾಗಿ ಗಾಜುಗಳ ಹತ್ತಿರಕ್ಕೆ ಸರಿಯುತ್ತದೆ.]

ನಮಸ್ಕಾರ. ನೀವೀಗ ನೋಡುತ್ತಿರುವ ಕಿಟಕಿ ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯ ಲೇಕಾಕ್ ಎಂಬ ಹಳ್ಳಿಯಲ್ಲಿ, ಮುಂದೆ ಮನೆಯಾಗಿ ಬದಲಾದ ಹಳೆಯ ಮಠದಲ್ಲಿದೆ. 1835ರ ಆಗಸ್ಟ್‌ನಲ್ಲಿ ಈ ಮನೆಯ ಯಜಮಾನರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರು ಬೆಳ್ಳಿಯ ಲವಣ ಲೇಪಿಸಿದ ಕಾಗದದ ಚೂರೊಂದನ್ನು ಪುಟ್ಟ ಪೆಟ್ಟಿಗೆಯೊಳಗಿಟ್ಟು, ಇದೇ ಕಿಟಕಿಯ ಬಿಂಬವನ್ನು ಅದರ ಮೇಲೆ ಮೂಡಿಸಿದರು. ಅಂಚೆಚೀಟಿಯಷ್ಟಿರುವ ಆ ಕಾಗದವು ಇಂದು ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲೇ, ಅಂದರೆ ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ ಮೂಡುವ ಮೂಲಚಿತ್ರಗಳಲ್ಲೇ, ಅತ್ಯಂತ ಹಳೆಯದು. ಅದು ಹೊಸದಾಗಿದ್ದಾಗ, ಭೂತಗನ್ನಡಿ ಹಿಡಿದು ನೋಡಿದರೆ ಕಿಟಕಿಯ ಸುಮಾರು 200 ಗಾಜಿನ ತುಂಡುಗಳನ್ನು ಎಣಿಸಬಹುದಾಗಿತ್ತು ಎಂದು ಟಾಲ್ಬಟ್ ಅದರ ಪಕ್ಕದಲ್ಲಿ ಬರೆದಿಟ್ಟಿದ್ದಾರೆ.

ಲೇಕಾಕ್ ಹೆಸರು ಹೊರಜಗತ್ತಿಗೆ ತಿಳಿದಿರುವುದು ಹೆಚ್ಚಾಗಿ ಈ ಕಿಟಕಿಯಿಂದಲೇ. ಆದರೆ ಕಿಟಕಿಯಷ್ಟೇ ಅಲ್ಲ, ಅದರ ಸುತ್ತಲಿನ ಇಡೀ ಊರೇ ಹಳೆಯ ರೂಪದಲ್ಲಿ ಹೇಗೆ ಉಳಿಯಿತು ಎಂಬುದು ನನಗೆ ಇನ್ನೂ ದೊಡ್ಡ ವಿಷಯವಾಗಿ ಕಾಣುತ್ತದೆ.

[ದೃಶ್ಯ: ಮಠದ ಒಳಪ್ರಾಕಾರ, ಕಮಾನುಗಳ ಸಾಲು.]

ಗಂಡನನ್ನು ಕಳೆದುಕೊಂಡಿದ್ದ ಸಾಲ್ಸ್‌ಬರಿಯ ಕೌಂಟೆಸ್ ಎಲಾ, 1232ರಲ್ಲಿ ಇಲ್ಲಿ ಸನ್ಯಾಸಿನಿಯರ ಮಠಕ್ಕೆ ಅಡಿಗಲ್ಲು ಹಾಕಿದಳು. ಮುಂದೆ ತಾನೇ ಅದರ ಮುಖ್ಯಸ್ಥೆಯಾದಳು. ಅಂದಿನಿಂದ ಊರಿನ ನೆಲ, ಮನೆ, ಸಂತೆ ಎಲ್ಲವೂ ಮಠಕ್ಕೆ ಸೇರಿದ್ದವು. ಆ ಒಡೆತನ ಜನರ ಬದುಕಿನಲ್ಲಿ ಹೇಗಿತ್ತು ಎಂಬುದನ್ನು ತಿಳಿಯಲು ಊರೊಳಗಿನ ಕಣಜವನ್ನು ನೋಡಬೇಕು. 14ನೆಯ ಶತಮಾನದ ಈ ಕಟ್ಟಡಕ್ಕೆ ರೈತರು ತಮ್ಮ ಬೆಳೆಯ ಹತ್ತನೆಯ ಒಂದು ಪಾಲನ್ನು, ಜೊತೆಗೆ ಚರ್ಮ ಮತ್ತು ಕುರಿಯ ಉಣ್ಣೆಯನ್ನು ತಂದು ಒಪ್ಪಿಸುತ್ತಿದ್ದರು. ಒಳಗೆ ನಿಂತು ತಲೆಯೆತ್ತಿದರೆ, ಇಷ್ಟು ದೊಡ್ಡ ಮರದ ಚಾವಣಿಯ ಈ ಕಣಜವನ್ನು ತುಂಬಿಸಿದ ದುಡಿಮೆ ಯಾರದೆಂಬುದು ತಾನಾಗಿಯೇ ನೆನಪಾಗುತ್ತದೆ.

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ ಈ ಮಠವೂ ಮುಚ್ಚಿತು. ವಿಲಿಯಂ ಶಾರಿಂಗ್ಟನ್ ಎಂಬಾತ ಅದನ್ನು 783 ಪೌಂಡ್‌ಗೆ ಕೊಂಡು, ಮಠದ ಚರ್ಚನ್ನು ಕೆಡವಿದ; ಒಳಪ್ರಾಕಾರವನ್ನು ಮಾತ್ರ ಉಳಿಸಿಕೊಂಡು ಅದರ ಮೇಲೆಯೇ ತನ್ನ ಮನೆ ಕಟ್ಟಿಸಿದ. ಮುಂದೆ ಅದು ಟಾಲ್ಬಟ್ ಮನೆತನಕ್ಕೆ ಬಂದಿತು. ಮಾಲೀಕರು ಬದಲಾದರೂ ಊರು ಹೋಳಾಗಲಿಲ್ಲ.

[ದೃಶ್ಯ: ಚರ್ಚ್ ಸ್ಟ್ರೀಟ್. ಕಲ್ಲು, ಇಟ್ಟಿಗೆ, ಮರದ ಚೌಕಟ್ಟಿನ ಮನೆಗಳು.]

ಲೇಕಾಕ್ ಎಂದರೆ ಮುಖ್ಯವಾಗಿ ನಾಲ್ಕು ಬೀದಿಗಳು. ಚರ್ಚ್ ಸ್ಟ್ರೀಟಿನ ಈ ಮನೆಯ ಪಕ್ಕದ ಗೋಡೆಯನ್ನು ಗಮನಿಸಿ. ಬಾಗಿದ ಎರಡು ದಪ್ಪ ತೊಲೆಗಳು ನೆಲದಿಂದೆದ್ದು ಮೇಲೆ ಒಂದನ್ನೊಂದು ಸೇರುತ್ತವೆ. ಹೀಗೆ ಕಟ್ಟುವವರು ಸಹಜವಾಗಿಯೇ ಬಾಗಿ ಬೆಳೆದ ಮರವನ್ನು ಹುಡುಕಿ, ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರಾಗಿ ನಿಲ್ಲಿಸುತ್ತಿದ್ದರು. ಚಾವಣಿಯ ಭಾರವನ್ನು ಈ ಜೋಡಿ ತೊಲೆಗಳೇ ಹೊರುವುದರಿಂದ ನಡುವಿನ ಗೋಡೆ ಹಗುರವಾಗಿದ್ದರೂ ಸಾಕು. ಕಡ್ಡಿಗಳ ತಡಿಕೆ ಹೆಣೆದು, ಹುಲ್ಲು ಕಲಸಿದ ಮಣ್ಣನ್ನು ಮೆತ್ತಿದರೆ ಗೋಡೆ ಸಿದ್ಧವಾಗುತ್ತಿತ್ತು.

ವೆಸ್ಟ್ ಸ್ಟ್ರೀಟಿನ ಜಾರ್ಜ್ ಇನ್ ಎಂಬ ಹಳೆಯ ಮದ್ಯದಂಗಡಿಯ ಒಲೆಯ ಬಳಿ ಒಂದು ಮರದ ಚಕ್ರವಿದೆ. ಅದರೊಳಗೆ ನಾಯಿಯೊಂದು ಓಡುತ್ತಿದ್ದರೆ, ಬೆಂಕಿಯೆದುರು ಮಾಂಸ ಚುಚ್ಚಿದ ಸಲಾಕೆ ತಿರುಗುತ್ತಿತ್ತು. ಉರಿಯುವ ಒಲೆಯ ಪಕ್ಕದಲ್ಲಿ ಗಂಟೆಗಟ್ಟಲೆ ಓಡಿದ ಆ ಮೂಕಪ್ರಾಣಿಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಹಳೆಯ ಕಟ್ಟಡಗಳನ್ನು ಚೆಲುವಿಗಾಗಿ ಮಾತ್ರ ನೋಡಬಾರದೆಂದು ನಾನು ನಂಬಿರುವುದು ಇಂಥವುಗಳಿಂದಲೇ.

ಈ ಬೀದಿಗಳ ಸಿರಿವಂತಿಕೆ ಉಣ್ಣೆಯ ವ್ಯಾಪಾರದಿಂದ ಬಂದದ್ದು. ಸಂತ ಸಿರಿಯಾಕ್ ಚರ್ಚಿನ ಎತ್ತರದ ಕಿಟಕಿಗಳಲ್ಲಿ ಆ ಹಣದ ಗುರುತನ್ನು ಕಾಣಬಹುದು. ವ್ಯಾಪಾರ ಕುಸಿದ ಮೇಲೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಒತ್ತಡವೂ ತಗ್ಗಿತು. ಮನೆಗಳಲ್ಲಿದ್ದವರು ಬಾಡಿಗೆದಾರರಾದ್ದರಿಂದ ಮನಬಂದಂತೆ ಬದಲಾಯಿಸುವ ಹಕ್ಕೂ ಅವರಿಗಿರಲಿಲ್ಲ.

[ದೃಶ್ಯ: ಬೀದಿಯ ಮೇಲ್ನೋಟ, ಕಲ್ಲುಚಪ್ಪಡಿಯ ಚಾವಣಿಗಳು.]

1944ರಲ್ಲಿ, ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಫಾಕ್ಸ್ ಟಾಲ್ಬಟ್ ಅವರ ಮೊಮ್ಮಗಳು ಮಟಿಲ್ಡಾ ಟಾಲ್ಬಟ್ ಮಠವನ್ನೂ ಹಳ್ಳಿಯನ್ನೂ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನವಾಗಿ ಕೊಟ್ಟರು. ಒಂದೊಂದೇ ಮನೆಯನ್ನು ಮಾರಿದ್ದರೆ ಈ ನಾಲ್ಕು ಬೀದಿಗಳು ಹೀಗೆ ಉಳಿಯುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಬಹುಪಾಲು ಮನೆಗಳಲ್ಲಿ ಇಂದಿಗೂ ಬಾಡಿಗೆದಾರರೇ ಇದ್ದಾರೆ. ಚಾವಣಿಗಳ ಮೇಲೆ ಟಿವಿ ಆಂಟೆನಾಗಳಿಲ್ಲ, ಬೀದಿಯ ಮೇಲೆ ತಂತಿಗಳಿಲ್ಲ. ಪ್ರವಾಸಿಗರು ತುಂಬಿದ ದಿನ ತಮ್ಮದೇ ಕಿಟಕಿಯ ಪರದೆ ಎಳೆದು ಕೂರಬೇಕಾದ ಕಷ್ಟ ಅಲ್ಲಿಯವರದು. ಆದರೂ ಬಾಗಿದ ತೊಲೆಗಳ ಆ ಮನೆಗಳಲ್ಲಿ ಒಲೆ ಆರಿಲ್ಲ, ಊರಿನ ಶಾಲೆಗೆ ಇಂದಿಗೂ ಮಕ್ಕಳು ಬರುತ್ತಾರೆ.